ಮಾಸ್ಟರ ಕಿವಿಯೂ ನಮ್ಮ ಮನೆಯ ಫ್ರಿಡ್ಜೂ

ನಾನು ಪಿಟೀಲು ನುಡಿಸುತ್ತೇನೆ. ಈ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಒಪ್ಪುವುದಿಲ್ಲ. ನಾನು ಪಿಟೀಲನ್ನು ಹಿಡಿದುಕೊಳ್ಳುತ್ತೇನೆ ಎಂಬಷ್ಟನ್ನು ಹೆಂಡತಿ ಒಪ್ಪುತ್ತಾಳೆ. ಆಮೇಲೆ ನಾನು ಮಾಡುವುದಕ್ಕೆ ಅವಳು ಬಳಸುವ ಕ್ರಿಯಾಪದ ತರಕಾರಿಗೆ ಸಂಬಂಧಪಟ್ಟದ್ದು.

ಹೊಟ್ಟೆಪಾಡಿಗೆ ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಗಿರಾಕಿಯ ಮೂಗಿನ ಮೇಲೆ ಫ್ರೇಮು ಕೂರಿಸಿ, ಕಿವಿಯ ಹಿಂದಿನ ಕಡ್ಡಿಯನ್ನು ಬಿಸಿ ಮಾಡಿ ಬಗ್ಗಿಸಿ, ಈಗ ಸರಿಯಾಯಿತೇ ಎಂದು ಕೇಳುವ ಕೆಲಸ. ವಾರವೆಲ್ಲ ಜನರ ಕಣ್ಣಿಗಾಗಿ ದುಡಿದ ಮೇಲೆ ಭಾನುವಾರವಾದರೂ ಅವರ ಕಿವಿಗೆ ಏನಾದರೂ ಮಾಡೋಣ ಎಂಬುದು ನನ್ನ ಆಸೆ. ಮಹಡಿಮನೆಯ ಅಜ್ಜಿಯನ್ನು ಕೇಳಿದರೆ, ಕಿವಿಗೆ ನಾನು ಏನೋ ಮಾಡಿದ್ದೇನೆಂದು ಅವರೂ ಹೇಳುತ್ತಾರೆ.

ಪ್ರತಿ ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬಡಾವಣೆಯ ವಾದ್ಯಗೋಷ್ಠಿ ಸೇರುತ್ತದೆ. ಇದರ ಯಜಮಾನರು ನಿವೃತ್ತ ಸ್ಟೇಷನ್ ಮಾಸ್ಟರು. ನಾವೆಲ್ಲ ಅವರನ್ನು ಮಾಸ್ಟರು ಎಂದೇ ಕರೆಯುವುದು. ಮೊದಲ ಪಿಟೀಲು ಅವರದು, ಎರಡನೆಯದು ಹಲ್ಲಿನ ಡಾಕ್ಟರಮ್ಮನದು. ಮ್ಯಾಂಡೊಲಿನ್ ದರ್ಜಿಯದು. ತಬಲಾ ಬೇಕರಿಯವನದು; ಹಿಟ್ಟು ನಾದಿ ನಾದಿ ಅವನ ಕೈ ಅದಕ್ಕೇ ಹದವಾಗಿದೆ. ಮೂರನೆಯ ಪಿಟೀಲು ನನ್ನದು. ಮೂರನೆಯ ಪಿಟೀಲಿಗೆ ಮಾಸ್ಟರು ಕೊಟ್ಟಿರುವುದು ಒಂದೇ ಒಂದು ಸ್ವರ, ಸಾ. ತಂತಿಯ ಮೇಲೆ ನಾನು ಬೆರಳು ಇಡುವಂತಿಲ್ಲ. ಇಟ್ಟರೆ ಎಲ್ಲಿ ಇಡುತ್ತೇನೆ ಎಂಬುದನ್ನು ಎಲ್ಲರೂ ಒಮ್ಮೆ ಕೇಳಿ ಅನುಭವಿಸಿದ್ದಾರೆ. ಹಾಡು ಯಾವುದೇ ಇರಲಿ, ಶುರುವಿನಿಂದ ಕೊನೆಯವರೆಗೆ ಬರೀ ತಂತಿಯ ಮೇಲೆ ಕಮಾನನ್ನು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಎಳೆಯುತ್ತಿರಬೇಕು. ಅದಕ್ಕೂ ಮಾಸ್ಟರು ನಡುನಡುವೆ ನನ್ನ ಕಡೆ ತಿರುಗಿ, "ಮೆಲ್ಲಗೆ, ಇನ್ನೂ ಮೆಲ್ಲಗೆ" ಎನ್ನುತ್ತಿರುತ್ತಾರೆ. ನಾನು ಎಷ್ಟು ಮೆಲ್ಲಗೆ ನುಡಿಸಬಲ್ಲೆನೆಂದರೆ ಕೆಲವು ಸಲ ನನಗೇ ಕೇಳಿಸುವುದಿಲ್ಲ.

ಹೀಗಿದ್ದೂ ನನ್ನನ್ನು ಯಾಕೆ ಇಟ್ಟುಕೊಂಡಿದ್ದಾರೆ ಎಂದರೆ ಮುಂದಿನ ಕೋಣೆ ನನ್ನದು. ಇದು ಅವರಿಗೆ ಗೊತ್ತು, ನನಗೂ ಗೊತ್ತು, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಹೇಳದಿದ್ದರೆ ನನಗೂ ಬೇಜಾರಿಲ್ಲ. ಅಷ್ಟು ಜನ ಒಟ್ಟಿಗೆ ಉಸಿರು ಹಿಡಿದು, ಒಟ್ಟಿಗೆ ಶುರುಮಾಡಿ, ಆ ತುಂಬು ಸದ್ದಿನೊಳಗೆ ನನ್ನದೂ ಒಂದು ಎಳೆ ಇದೆಯಲ್ಲ ಅನ್ನಿಸಿದಾಗ ನನಗಾಗುವ ಖುಷಿ ಇನ್ನೆಲ್ಲೂ ಸಿಕ್ಕಿದ್ದಲ್ಲ. ವಾರವಿಡೀ ಮೂಗುಗಳನ್ನು ಅಳೆಯುತ್ತಾ ನಾನು ಕಾಯುವುದು ಅದಕ್ಕೇ.

ಇನ್ನು ಮಾಸ್ಟರ ಕಿವಿಯ ವಿಚಾರ. ನಮ್ಮ ಗೋಷ್ಠಿಯಲ್ಲಿ ಶ್ರುತಿಪೆಟ್ಟಿಗೆ ಇಲ್ಲ. ಅದು ನಡೆಯಲು ಕಲಿಯುವ ಮಕ್ಕಳಿಗೆ ಕೊಡುವ ತಳ್ಳುಗಾಡಿ ಎಂದು ಮಾಸ್ಟರ ಅಭಿಪ್ರಾಯ. ಫೋನಿನಲ್ಲೂ ಶ್ರುತಿ ಬರುತ್ತದೆ ಎಂದು ಒಬ್ಬರು ಎಂದೋ ಹೇಳಿದರು. ಅವರು ಈಗ ಗೋಷ್ಠಿಯಲ್ಲಿಲ್ಲ. ಮಾಸ್ಟರಿಗೆ ಸಾ ಎಂಬುದು ಕಿವಿಯಲ್ಲೇ ಇದೆಯಂತೆ, ಹುಟ್ಟಿನಿಂದ ಬಂದದ್ದಂತೆ. ಭಾನುವಾರ ಎಲ್ಲರೂ ಕೂತ ಮೇಲೆ ಅವರು ಕಣ್ಣು ಮುಚ್ಚಿ, ದೂರದ ರೈಲಿನ ಸದ್ದು ಕೇಳುವವರ ಹಾಗೆ ಒಂದು ಬೆರಳೆತ್ತಿ ಕಾಯುತ್ತಾರೆ. ಸ್ವಲ್ಪ ಹೊತ್ತಿಗೆ ಮುಖದ ಮೇಲೆ ಕಳೆ ಬರುತ್ತದೆ. ಆಮೇಲೆ ಗಂಟಲಿನಿಂದ ಸಾ ಹೊರಡುತ್ತದೆ. ನಾವೆಲ್ಲ ಅದಕ್ಕೆ ತಂತಿ ಬಿಗಿದುಕೊಳ್ಳುತ್ತೇವೆ. ಎಷ್ಟೋ ವರ್ಷಗಳಿಂದ ಆ ಸಾ ಒಂದು ಕೂದಲಿನಷ್ಟೂ ಆಚೀಚೆ ಆಗಿಲ್ಲ. ನಮ್ಮ ಗೋಷ್ಠಿಯ ಬಗ್ಗೆ ಬಡಾವಣೆಯಲ್ಲಿ ಏನಾದರೂ ಗೌರವವಿದ್ದರೆ ಅದು ಆ ಕಿವಿಯ ಮೇಲಿನ ಗೌರವ.

ಮಾಸ್ಟರ ಕುರ್ಚಿಯ ಬೆನ್ನಿಗೇ ನಮ್ಮ ಹಳೇ ಫ್ರಿಡ್ಜು ಇತ್ತು. ಅಡುಗೆಮನೆಯಲ್ಲಿ ಹಿಡಿಸದೆ ಮುಂದಿನ ಕೋಣೆಗೆ ಬಂದದ್ದು ಅಲ್ಲೇ ಉಳಿದಿತ್ತು. ಅದರ ವಿಶೇಷವೆಂದರೆ ಅದು ನಿಲ್ಲುತ್ತಿರಲಿಲ್ಲ. ಹಗಲಿರುಳೂ ಗುಂಯ್ ಎನ್ನುತ್ತಿತ್ತು. ಮನೆಯವರೆಲ್ಲ ಅದರ ಮೇಲೆ ಗಂಟಲೆತ್ತಿ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದೆವು. ಹೊಸಬರು ಬಂದರೆ ನಾವು ಜಗಳವಾಡುತ್ತಿದ್ದೇವೆ ಎಂದುಕೊಂಡು ಬಾಗಿಲಲ್ಲೇ ನಿಲ್ಲುತ್ತಿದ್ದರು. ಹೊಸ ಫ್ರಿಡ್ಜು ತನ್ನಿ ಎಂದು ಹೆಂಡತಿ ವರ್ಷಗಟ್ಟಲೆ ಕಿವಿಯಲ್ಲಿ ಊದಿದಳು. ಊದಿದ್ದು ಗುಂಯ್‌ನಲ್ಲಿ ಸರಿಯಾಗಿ ಕೇಳಿಸಲಿಲ್ಲ ಎಂಬ ನನ್ನ ನೆಪ ಕೊನೆಗೂ ನಡೆಯಲಿಲ್ಲ. ಬಡಾವಣೆಯ ಹೊಸ ಸಭಾಭವನದ ಪ್ರಾರಂಭಕ್ಕೆ ನಮ್ಮ ಗೋಷ್ಠಿಯ ಕಾರ್ಯಕ್ರಮ ಗೊತ್ತಾಗಿ ಕೆಲವೇ ವಾರ ಉಳಿದಿದ್ದಾಗ ಹೊಸ ಫ್ರಿಡ್ಜು ಬಂದು ಅಡುಗೆಮನೆಯಲ್ಲೇ ಹಿಡಿಸಿತು. ಬಾಗಿಲಿಗೆ ಕಿವಿ ಹಚ್ಚಿದರೂ ಸದ್ದಿಲ್ಲ. ಹಳೆಯದನ್ನು ಭಾವಮೈದ ಬಂದು ತನ್ನ ಸಾಮಾನು ಸಾಗಿಸುವ ಗಾಡಿಯಲ್ಲಿ ಹಾಕಿಕೊಂಡು ಹೋದ.

ಓದುಗರಿಗೆ ಈಗಾಗಲೇ ವಿಷಯ ಹೊಳೆದಿರಬಹುದು. ಹೊಳೆದವರು ದಯವಿಟ್ಟು ಸುಮ್ಮನಿರಬೇಕು. ನಮಗೆ ಹೊಳೆಯಲು ಇನ್ನೂ ಬಹಳ ಅವಮಾನವಾಗಬೇಕಿತ್ತು.

ಆ ಭಾನುವಾರ ಮಾಸ್ಟರು ಕಣ್ಣು ಮುಚ್ಚಿ ಬೆರಳೆತ್ತಿದರು. ರೈಲು ಬರಲಿಲ್ಲ. ಬೆರಳು ಅಲ್ಲೇ ನಿಂತಿತು. ಬೇಕರಿಯವನು ಕೆಮ್ಮಿದ. ಕೊನೆಗೆ ಗಂಟಲಿನಿಂದ ಒಂದು ಸಾ ಬಂತು, ನಾವು ತಂತಿ ಬಿಗಿದುಕೊಂಡೆವು, ಶುರುಮಾಡಿದೆವು. ಹಾಡಿನ ನಡುವಿಗೆ ಬರುವಷ್ಟರಲ್ಲಿ ಡಾಕ್ಟರಮ್ಮ ಒಂದು ದಾರಿ, ದರ್ಜಿ ಇನ್ನೊಂದು ದಾರಿ, ಮಾಸ್ಟರು ಎರಡರ ನಡುವೆ. ನಿಲ್ಲಿಸಿ, ಮತ್ತೆ ಸಾ ಕೊಟ್ಟರು. ಅದು ಮೊದಲಿನ ಸಾ ಆಗಿರಲಿಲ್ಲ. ಅದನ್ನು ಹೇಳುವ ಧೈರ್ಯ ಯಾರಿಗಿದೆ? ಎಲ್ಲೋ ತಪ್ಪಾಗಿದೆ ಎಂದಾಗ ಗೋಷ್ಠಿಯ ಕಣ್ಣುಗಳು ತಿರುಗುವ ಜಾಗ ಒಂದಿದೆ. ಅಲ್ಲಿ ನಾನು ಕೂತಿದ್ದೆ.

ಮಾಸ್ಟರು ಬಹಳ ಮರ್ಯಾದೆಯಿಂದ ಹೇಳಿದರು. ಈ ಕಾರ್ಯಕ್ರಮಕ್ಕೆ ನಾನು ವಿಶ್ರಾಂತಿ ತೆಗೆದುಕೊಳ್ಳಬೇಕಂತೆ. ಒಳ್ಳೆಯ ಕೇಳುಗರೂ ಗೋಷ್ಠಿಗೆ ಬೇಕಂತೆ, ಅದು ಎಲ್ಲರ ಕೈಲಾಗುವ ಕೆಲಸವಲ್ಲವಂತೆ. ನಾನು ತಲೆಯಾಡಿಸಿದೆ. ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟೆ.

ಆದರೆ ಕೋಣೆ ಮಾತ್ರ ನನ್ನದೇ ಬೇಕಿತ್ತಲ್ಲ. ಮುಂದಿನ ಭಾನುವಾರ ಅವರೆಲ್ಲ ಮಾಮೂಲಿನಂತೆ ಬಂದು ಕೂತರು. ನಾನು ಅಡುಗೆಮನೆಯಲ್ಲಿ ನಿಂತು ಟೀ ಸೋಸುತ್ತಿದ್ದೆ. ಅವತ್ತು ಇನ್ನೂ ಕೆಟ್ಟಿತು. ಡಾಕ್ಟರಮ್ಮ ಹಲ್ಲು ಕೀಳುವ ಮೊದಲು ಬಳಸುವ ಮೆತ್ತನೆಯ ದನಿಯಲ್ಲಿ ಫೋನಿನ ಪ್ರಸ್ತಾಪ ಮಾಡಿದರು. ಮಾಸ್ಟರು ಪಿಟೀಲನ್ನು ಮಡಿಲಿಗಿಳಿಸಿ, ತಮ್ಮ ಕಿವಿಯ ಮೇಲೆ ನಂಬಿಕೆ ಇಲ್ಲದವರು ಈಗಲೇ ಹೇಳಿಬಿಡಲಿ ಎಂದರು. ಯಾರೂ ಹೇಳಲಿಲ್ಲ. ಆಗ ದರ್ಜಿ ನನ್ನ ಕಡೆ ಬೊಟ್ಟು ಮಾಡಿದ. ಅಡುಗೆಮನೆಯಲ್ಲಿ ಟೀ ಲೋಟಗಳ ಸದ್ದು, ಅದರಿಂದ ಎಲ್ಲರಿಗೂ ಗಮನ ತಪ್ಪುತ್ತಿದೆ ಎಂದ. ನಾನು ಲೋಟ ಕೆಳಗಿಟ್ಟೆ. ಆಮೇಲೂ ಕೆಟ್ಟಿತು. ನಾನು ಒಳಗೆ ಇದ್ದೇನೆಂಬ ಭಾವನೆಯೇ ಸಾಕು, ಏನೋ ಒಂಥರಾ ಆಗುತ್ತದೆ ಎಂದು ಬೇಕರಿಯವನು ವಿವರಿಸಿದ. ಹೀಗೆ ನನ್ನ ಮನೆಯಲ್ಲಿ ನಡೆಯುವ ಅಭ್ಯಾಸದ ಹೊತ್ತಿಗೆ ನಾನು ಮನೆಯಿಂದ ಹೊರಗಿರಬೇಕು ಎಂದು ತೀರ್ಮಾನವಾಯಿತು. ಕೈ ಎತ್ತಿದವರಲ್ಲಿ ನನ್ನ ಹೆಂಡತಿಯೂ ಇದ್ದಳು.

ಹಾಗಾಗಿ ಕಾರ್ಯಕ್ರಮದ ಹಿಂದಿನ ದಿನ, ಅವರು ಕೊನೆಯ ಅಭ್ಯಾಸಕ್ಕೆ ಕೂತಾಗ, ನಾನು ಪಿಟೀಲಿನ ಪೆಟ್ಟಿಗೆ ಬಗಲಲ್ಲಿಟ್ಟುಕೊಂಡು ಭಾವಮೈದನ ಮನೆಗೆ ಹೋದೆ. ಅಲ್ಲಿ ಅತ್ತೆಯೂ ಇದ್ದರು. ನನ್ನ ಪೆಟ್ಟಿಗೆ ನೋಡಿ ಅವರು ಟಿ.ವಿ. ಸದ್ದು ಜಾಸ್ತಿ ಮಾಡಿದರು. ನಾನು ಅಡುಗೆಮನೆಗೆ ಹೋಗಿ, ಬಾಗಿಲು ಮುಂದೆ ಮಾಡಿಕೊಂಡು, ಒಂದು ಸ್ಟೂಲಿನ ಮೇಲೆ ಕೂತು ಸಡಿಲವಾಗಿದ್ದ ತಂತಿಯನ್ನು ಕಿವಿಗೆ ಹಿತವಾಗುವಷ್ಟು ಬಿಗಿದು ಕಮಾನು ಎಳೆದೆ.

ಎಳೆದವನು ಹಾಗೇ ಕೂತುಬಿಟ್ಟೆ. ಏನೋ ಸರಿಹೋಗಿತ್ತು. ನನ್ನ ಸಾ ಒಂದು ಹಾಸಿಗೆಯ ಮೇಲೆ ಮಲಗಿದ ಹಾಗಿತ್ತು. ಮತ್ತೆ ಎಳೆದೆ, ಮತ್ತೂ ಸರಿ. ತಿರುಗಿ ನೋಡಿದರೆ ನಮ್ಮ ಹಳೇ ಫ್ರಿಡ್ಜು ಮೂಲೆಯಲ್ಲಿ ನಿಂತು, ಪರಿಚಯದವರನ್ನು ಕಂಡ ಸಂತೋಷದಲ್ಲಿ, ಗುಂಯ್ ಎನ್ನುತ್ತಿತ್ತು. ಎಷ್ಟು ವರ್ಷ ಅದಕ್ಕೆ ಬೆನ್ನು ಮಾಡಿಕೊಂಡು ಮಾಸ್ಟರು ಕಣ್ಣು ಮುಚ್ಚಿ ಬೆರಳೆತ್ತಿರಲಿಲ್ಲ! ಹುಟ್ಟಿನಿಂದ ಬಂದ ಕಿವಿಯನ್ನು ನಾನೇ ಗಾಡಿಯಲ್ಲಿ ಹಾಕಿ ಕಳಿಸಿಬಿಟ್ಟಿದ್ದೆ.

ಇದನ್ನು ಮಾಸ್ಟರಿಗೆ ಹೇಳುವುದು ಹೇಗೆ? ಸಾರ್, ನಿಮ್ಮ ಸಾ ನಮ್ಮ ಫ್ರಿಡ್ಜಿನದು ಎಂದು ಆ ಮುಖದ ಎದುರು ನಿಂತು ಯಾವ ಮನುಷ್ಯ ಹೇಳಿಯಾನು? ಹೇಳಿದರೆ ಅವರು ಪಿಟೀಲು ಕೆಳಗಿಡುತ್ತಾರೆ. ಅವರು ಕೆಳಗಿಟ್ಟರೆ ಗೋಷ್ಠಿ ಇಲ್ಲ. ಗೋಷ್ಠಿ ಇಲ್ಲವೆಂದರೆ ನನಗೆ ಭಾನುವಾರವೇ ಇಲ್ಲ. ಹೇಳದೆ ಉಳಿಸಬೇಕಾದರೆ ದಾರಿ ಒಂದೇ.

ಭಾವಮೈದನನ್ನು ಹಿಡಿದುಕೊಂಡೆ. ಕೊಟ್ಟದ್ದನ್ನು ವಾಪಸು ಕೇಳುತ್ತೀರಾ ಭಾವ ಎಂದು ಅವನು ಮುಖ ಸಣ್ಣಗೆ ಮಾಡಿದ. ವಾಪಸಲ್ಲ, ಒಂದು ಸಂಜೆಗೆ ಸಾಲ ಎಂದೆ. ಅದನ್ನು ತಾನು ರಿಪೇರಿ ಮಾಡಿಸಿದ್ದೇನೆ, ಮೊದಲಿನ ಹಾಗಲ್ಲ, ಈಗ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಅವನು ಹೆಮ್ಮೆಯಿಂದ ಏನೇನೋ ಹೇಳಿದ. ನಾನು ಖುಷಿಯಲ್ಲಿ ಪೂರ್ತಿ ಕೇಳಿಸಿಕೊಳ್ಳಲಿಲ್ಲ.

ಮಾರನೆಯ ಮಧ್ಯಾಹ್ನವೇ ಫ್ರಿಡ್ಜು ಸಭಾಭವನದ ಬಾಗಿಲಿಗೆ ಬಂತು. ಮ್ಯಾನೇಜರು ಎರಡು ಕೈ ಅಗಲಿಸಿ ಅಡ್ಡ ನಿಂತರು. ಹೊಸ ನೆಲ, ಹೊಸ ಬಣ್ಣ. ವಾದ್ಯ ಬಿಟ್ಟು ಬೇರೆ ಏನೂ ವೇದಿಕೆಗೆ ಹೋಗಕೂಡದು ಎಂದು ಕಮಿಟಿಯ ಆಜ್ಞೆ. ಇದೂ ಒಂದು ರೀತಿ ವಾದ್ಯವೇ ಎನ್ನುವ ಸತ್ಯ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಮಾಸ್ಟರ ಔಷಧಿ ಎಂದೆ. ತಂಪಾಗಿರಬೇಕಾದ ಔಷಧಿ, ಕೈಗೆಟುಕುವಷ್ಟು ಹತ್ತಿರ ಇರಬೇಕು.

ಮ್ಯಾನೇಜರ ಕೈಗಳು ಕೆಳಗಿಳಿದವು. "ಅಷ್ಟು ಸೀರಿಯಸ್ಸಾ?" ಎಂದು ಪಿಸುಗುಟ್ಟಿದರು.

ನಾನು ಏನೂ ಹೇಳಲಿಲ್ಲ. ಸುಳ್ಳು ಹೇಳಿ ಅಭ್ಯಾಸವಿಲ್ಲದವನು ಸುಮ್ಮನಿದ್ದರೆ ಅದು ದೊಡ್ಡ ಸುಳ್ಳಾಗಿ ಬೆಳೆಯುತ್ತದೆಂದು ಅವತ್ತು ಕಲಿತೆ. ಮ್ಯಾನೇಜರು ಔಷಧಿಗೆ ಕೈಮುಗಿಯುವವರ ಹಾಗೆ ಫ್ರಿಡ್ಜಿನ ಬಾಗಿಲು ತೆರೆದು ನೋಡಿದರು. ಭಾವಮೈದ ಸಾಮಾನು ತೆಗೆಯಲು ಮರೆತಿದ್ದ. ಒಳಗೆ ಅರ್ಧ ಕಲ್ಲಂಗಡಿ ಹಣ್ಣು ಬಿಟ್ಟು ಬೇರೇನೂ ಇರಲಿಲ್ಲ. ಔಷಧಿ ಆಮೇಲೆ ಬರುತ್ತದೆ, ಇದು ಪಥ್ಯ ಎಂದುಬಿಟ್ಟೆ. ಅವರು ನಿಟ್ಟುಸಿರು ಬಿಟ್ಟು, ಬಾಗಿಲು ಮುಚ್ಚಿ, ಫ್ರಿಡ್ಜನ್ನು ವೇದಿಕೆಯ ಪಕ್ಕದ ಪರದೆಯ ಹಿಂದೆ ತಾವೇ ನಿಂತು ಇಡಿಸಿದರು.

ಸಂಜೆಯೊಳಗೆ ಸುದ್ದಿ ಬಡಾವಣೆಯನ್ನೆಲ್ಲ ಸುತ್ತಿ ಬಂತು. ಮಾಸ್ಟರು ಬರೀ ಕಲ್ಲಂಗಡಿಯ ಮೇಲೆ ಜೀವ ಹಿಡಿದಿದ್ದಾರೆ, ಇದೇ ಅವರ ಕೊನೆಯ ಕಾರ್ಯಕ್ರಮ. ನಮ್ಮ ಸಂಗೀತವನ್ನು ಎಂದೂ ಸಹಿಸದವರೆಲ್ಲ ಮೊದಲ ಸಾಲಿಗೆ ಬಂದು ಕೂತರು. ಮಹಡಿಮನೆಯ ಅಜ್ಜಿ ಕರ್ಚೀಫನ್ನು ಮೊದಲೇ ಬಿಚ್ಚಿ ತೊಡೆಯ ಮೇಲೆ ಹರಡಿಕೊಂಡಿದ್ದರು. ಬೇಕರಿಯವನಿಗೂ ಸುದ್ದಿ ಮುಟ್ಟಿ, ಅವನು ತಬಲಾದ ಮೇಲೆ ಬಗ್ಗಿ ಕಣ್ಣೊರೆಸಿಕೊಳ್ಳುತ್ತಿದ್ದ. ಔಷಧಿ ಕೊಡುವವನು ದೂರ ಇರಕೂಡದೆಂದು ಮ್ಯಾನೇಜರು ಪರದೆಯ ಅಂಚಿನಲ್ಲಿ, ಫ್ರಿಡ್ಜಿಗೆ ತಾಗಿ, ನನಗೊಂದು ಕುರ್ಚಿ ಹಾಕಿಸಿದರು. ಪಿಟೀಲು ನನ್ನ ಜೊತೆಗೇ ಇತ್ತು. ಅದು ಯಾಕೆ ಇತ್ತು ಎಂದು ಯಾರೂ ಕೇಳಲಿಲ್ಲ.

ಮಾಸ್ಟರು ವೇದಿಕೆಗೆ ಬಂದರು. ಮುಖ ಬಿಳಿಚಿಕೊಂಡಿತ್ತು. ಕಾಯಿಲೆಯೆಂದು ಜನ ಲೊಚಗುಟ್ಟಿದರು. ಹಿಂದಿನ ದಿನದ ಅಭ್ಯಾಸದ ಫಲವೆಂದು ನನಗೆ ಗೊತ್ತಿತ್ತು. ಕೂತು, ಕಣ್ಣು ಮುಚ್ಚಿ, ಬೆರಳೆತ್ತಿದರು.

ಆಗ ಪರದೆಯ ಹಿಂದಿನಿಂದ ಬಂತು, ಗುಂಯ್.

ಮಾಸ್ಟರು ಬೆರಳಿಳಿಸಿದರು. ಕಣ್ಣು ತೆರೆದು, ನಿಧಾನವಾಗಿ ತಲೆ ತಿರುಗಿಸಿದರು. ಪರದೆಯ ಅಂಚು ನೋಡಿದರು, ಅದರಾಚೆ ಕಾಣುತ್ತಿದ್ದ ಫ್ರಿಡ್ಜಿನ ಬಿಳಿ ಮೂಲೆ ನೋಡಿದರು, ನನ್ನನ್ನು ನೋಡಿದರು. ಅಷ್ಟರಲ್ಲಿ ಮ್ಯಾನೇಜರು ಕೆಳಗಿನಿಂದ ಓಡಿಬಂದು, ಔಷಧಿಯೇನಾದರೂ ಬೇಕೇ ಸಾರ್ ಎಂದು ಮೆಲ್ಲಗೆ ಕೇಳಿದರು. ಮಾಸ್ಟರು ನನ್ನ ಮುಖದಿಂದ ಕಣ್ಣು ತೆಗೆಯದೆ, ಎದೆಯ ಮೇಲೆ ಕೈಯಿಟ್ಟುಕೊಂಡು, ಮೂರು ಸಲ ಕೆಮ್ಮಿದರು. ಇಷ್ಟು ಸೊಗಸಾದ ಕೆಮ್ಮನ್ನು ನಾನು ಕೇಳಿರಲಿಲ್ಲ. ಸಭೆ ಉಸಿರೆಳೆದುಕೊಂಡಿತು. ಆಮೇಲೆ ಅವರ ಗಂಟಲಿನಿಂದ ಸಾ ಹೊರಟಿತು, ಹಳೆಯ ಸಾ.

ಮೊದಲ ಹಾಡು ಚೆನ್ನಾಗಿಯೇ ಆಯಿತು. ಎರಡನೆಯದಂತೂ ನಾವೇ ನುಡಿಸುತ್ತಿದ್ದೇವೆಯೇ ಎನ್ನುವ ಹಾಗಿತ್ತು. ನಾನೂ ಪರದೆಯ ಅಂಚಿನಲ್ಲಿ ಪಿಟೀಲು ತೆಗೆದು, ಯಾರ ಅಪ್ಪಣೆಯನ್ನೂ ಕೇಳದೆ, ಬಲು ಮೆಲ್ಲಗೆ ನನ್ನ ಸ್ವರ ಹಿಡಿದಿದ್ದೆ. ಎರಡನೆಯ ಹಾಡು ಮುಗಿದು ಚಪ್ಪಾಳೆ ಬೀಳುತ್ತಿದ್ದಾಗ ನನ್ನ ಪಕ್ಕದಲ್ಲಿ ಖಟ್ ಎಂದು ಸದ್ದಾಯಿತು. ಫ್ರಿಡ್ಜು ನಿಂತುಹೋಯಿತು.

ಪರದೆಯ ಹಿಂದೆ ನಿಂತಿದ್ದ ಭಾವಮೈದ ಸಂತೋಷದಿಂದ ಬಗ್ಗಿ, "ನಾನು ಹೇಳಿರಲಿಲ್ವಾ ಭಾವ? ತಂಪಾದ ತಕ್ಷಣ ಈಗ ತಾನೇ ನಿಲ್ಲುತ್ತೆ" ಎಂದ. ಅವನನ್ನು ಅಲ್ಲೇ ಏನಾದರೂ ಮಾಡಬೇಕೆಂದಿತ್ತು, ಕೈಯಲ್ಲಿ ಪಿಟೀಲಿತ್ತು. ಕಾಲು ಖಾಲಿ ಇತ್ತು. ಕಾಲಿನಿಂದ ಫ್ರಿಡ್ಜಿನ ಬಾಗಿಲನ್ನು ಎಳೆದು ತೆರೆದೆ. ಬಿಸಿಗಾಳಿ ಒಳಗೆ ಹೋಗಿ ಸ್ವಲ್ಪ ಹೊತ್ತಿಗೆ ಮತ್ತೆ ಗುಂಯ್ ಶುರುವಾಯಿತು. ಮಾಸ್ಟರು ಅಷ್ಟು ಹೊತ್ತೂ ಕೆಮ್ಮಿಕೊಂಡು ಕಾಲ ತಳ್ಳಿದರು. ಮೂರನೆಯ ಹಾಡು, ಕೊನೆಯದು, ಎಲ್ಲಕ್ಕಿಂತ ದೊಡ್ಡದು, ಶುರುವಾಯಿತು. ಎರಡು ಕೈಯಲ್ಲಿ ಪಿಟೀಲು, ಒಂದು ಕಾಲಲ್ಲಿ ಫ್ರಿಡ್ಜಿನ ಬಾಗಿಲು. ಸಂಗೀತಕ್ಕಾಗಿ ಇಷ್ಟು ಅಂಗಾಂಗಗಳನ್ನು ಒಟ್ಟಿಗೆ ಬಳಸಿದವರು ಕಡಿಮೆ ಇರಬೇಕು.

ಹಾಡು ಮುಕ್ಕಾಲು ದಾಟಿತ್ತು. ಆಗ ಮ್ಯಾನೇಜರು ತೆರೆದ ಬಾಗಿಲನ್ನು ಕಂಡರು. ಔಷಧಿ ಕೆಡುತ್ತದಲ್ಲ! ಪಾಪ, ಬೂಟು ಕಳಚಿ, ತುದಿಗಾಲಲ್ಲಿ ಮೆಟ್ಟಿಲೇರಿ ಬಂದರು. ನನ್ನ ಪಾದವನ್ನು ಎರಡೂ ಕೈಗಳಿಂದ ಮೃದುವಾಗಿ ಹಿಡಿದು ಪಕ್ಕಕ್ಕಿಟ್ಟರು. ಬಾಗಿಲನ್ನು ಸದ್ದಾಗದ ಹಾಗೆ ಒತ್ತಿ ಮುಚ್ಚಿ, ಇನ್ನು ಚಿಂತೆಯಿಲ್ಲ ಎನ್ನುವಂತೆ ನನ್ನ ಭುಜ ತಟ್ಟಿ, ಅದಕ್ಕೆ ಬೆನ್ನು ಕೊಟ್ಟು ಕಾವಲು ನಿಂತರು. ಹಾಡು ಮುಗಿಯುವ ಮೊದಲೇ ಒಳಗೆ ಮತ್ತೆ ತಂಪೇರಿತು.

ಖಟ್.

ಆ ಮೌನ ನಾನೊಬ್ಬನೇ ಕೇಳಿದ್ದಲ್ಲ. ಡಾಕ್ಟರಮ್ಮನ ಸ್ವರ ಜಾರಿತು. ದರ್ಜಿ ಅಳತೆ ತಪ್ಪಿದ ಬಟ್ಟೆ ನೋಡುವ ಹಾಗೆ ಮ್ಯಾಂಡೊಲಿನ್ ನೋಡಿಕೊಂಡ. ಮಾಸ್ಟರ ಕಮಾನು ತಂತಿಯ ಮೇಲೆ ತಡವರಿಸಿತು. ಇನ್ನೇನು, ಒಂದೆರಡು ಕ್ಷಣದಲ್ಲಿ ಎಲ್ಲವೂ ಮೂರು ದಾರಿ ಹಿಡಿಯುತ್ತದೆ ಎಂದು ನನಗೆ ಗೊತ್ತಾಯಿತು. ಮಾಸ್ಟರು ನನ್ನ ಕಡೆ ತಿರುಗಿದರು. ಹಳೇ ಅಭ್ಯಾಸದಂತೆ ನಾನು ಕಮಾನನ್ನು ಇನ್ನೂ ಮೆಲ್ಲಗೆ ಮಾಡಲು ಹೊರಟಿದ್ದೆ.

"ಜೋರಾಗಿ" ಎಂದರು ಮಾಸ್ಟರು.

ನಾನು ನಂಬಲಿಲ್ಲ.

"ಜೋರಾಗಿ ಹಿಡೀರಿ. ಬಿಡಬೇಡಿ."

ಆ ಗೋಷ್ಠಿಯಲ್ಲಿ ಯಾರೂ ನನಗೆ ಆ ಮಾತು ಹೇಳಿರಲಿಲ್ಲ. ನಾನು ಎಳೆದೆ. ಕಮಾನಿನ ಈ ತುದಿಯಿಂದ ಆ ತುದಿಯವರೆಗೆ, ನನಗೆ ಗೊತ್ತಿದ್ದ ಒಂದೇ ಸ್ವರವನ್ನು, ಫ್ರಿಡ್ಜಿನಿಂದ ಆಗ ತಾನೇ ಕೈಗೆ ಬಂದದ್ದನ್ನು, ಹೊಸ ಭವನದ ಗೋಡೆಗಳಿಗೆ ತಾಗುವಷ್ಟು ಜೋರಾಗಿ ಎಳೆದೆ. ಡಾಕ್ಟರಮ್ಮ ಮರಳಿ ಬಂದರು. ದರ್ಜಿ ಬಂದ. ಮಾಸ್ಟರು ಕಣ್ಣು ಮುಚ್ಚಿಕೊಂಡು ನನ್ನ ಸ್ವರದ ಮೇಲೆ ಕಾಲೂರಿ, ಅಲ್ಲಿಂದ ಮೇಲೆ ಹೋಗಿ, ಅವರು ಎಂದೂ ನುಡಿಸದ ಹಾಗೆ ನುಡಿಸಿದರು. ಬೇಕರಿಯವನು ಅಳುತ್ತಲೇ ಬಾರಿಸಿದ. ನನಗೂ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ, ಇದ್ದಿದ್ದರೂ ಒರೆಸಿಕೊಳ್ಳುತ್ತಿರಲಿಲ್ಲ.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸಾಯುವ ಮನುಷ್ಯ ಇಷ್ಟು ಚೆನ್ನಾಗಿ ನುಡಿಸುವುದೇ ಎಂದು ಮಹಡಿಮನೆಯ ಅಜ್ಜಿ ಬಿಕ್ಕಿದರು. ಮ್ಯಾನೇಜರು ಬಡಾವಣೆಯ ಪರವಾಗಿ ಮಾಸ್ಟರಿಗೆ ಒಂದು ಇಡೀ ಕಲ್ಲಂಗಡಿ ಹಣ್ಣನ್ನು ಅರ್ಪಿಸಿದರು. ಮಾಸ್ಟರು ಅದನ್ನು ಎರಡೂ ಕೈಯಲ್ಲಿ ಸ್ವೀಕರಿಸಿ, ಮರೆಯದೆ ಕೆಮ್ಮಿದರು.

ಎಲ್ಲರೂ ಹೋದ ಮೇಲೆ ಅವರು ಹಣ್ಣನ್ನು ಮಡಿಲಲ್ಲಿಟ್ಟುಕೊಂಡು ಫ್ರಿಡ್ಜಿನ ಎದುರು ಸ್ವಲ್ಪ ಹೊತ್ತು ಕೂತರು. ನಾನು ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಅವರು ಅದರ ಬಾಗಿಲನ್ನು ಒಮ್ಮೆ ಸವರಿ, ನಿಮ್ಮ ಭಾವಮೈದ ಒಳ್ಳೆಯವನು, ಆದರೆ ರಿಪೇರಿ ಮಾಡಿಸಬಾರದಿತ್ತು ಎಂದರು. ಅಷ್ಟೇ.

ಮುಂದಿನ ಭಾನುವಾರ ಎಲ್ಲರೂ ನಮ್ಮ ಮನೆಯಲ್ಲಿ ಸೇರಿದರು. ನಾನು ಟೀ ಲೋಟಗಳೊಂದಿಗೆ ಬಾಗಿಲ ಬಳಿ ನಿಂತಿದ್ದೆ. ಮಾಸ್ಟರ ಬೆನ್ನಿಗೆ, ಹಳೇ ಫ್ರಿಡ್ಜಿದ್ದ ಜಾಗದಲ್ಲಿ, ಒಂದು ಖಾಲಿ ಕುರ್ಚಿ ಇತ್ತು. ಅದನ್ನು ಅಲ್ಲಿ ಯಾರು ಹಾಕಿದರೆಂದು ತಿಳಿಯಲಿಲ್ಲ. ಮಾಸ್ಟರು ಕಣ್ಣು ಮುಚ್ಚಿ ಬೆರಳೆತ್ತಿದರು. ಎತ್ತಿದ ಬೆರಳನ್ನು, ಕಣ್ಣು ತೆರೆಯದೆಯೇ, ನನ್ನ ಕಡೆ ತಿರುಗಿಸಿ, ಆಮೇಲೆ ಆ ಕುರ್ಚಿಯ ಕಡೆ ತಿರುಗಿಸಿದರು.

ಹೋಗಿ ಕೂತೆ. ನನ್ನ ಸಾ ಎಳೆದೆ. ಎಲ್ಲರೂ ಅದಕ್ಕೆ ತಂತಿ ಬಿಗಿದುಕೊಂಡರು.

ಅಡುಗೆಮನೆಯಿಂದ ಹೆಂಡತಿ ಗಂಟಲೆತ್ತಿ, "ಅದನ್ನ ತವರಿಗೆ ಕಳಿಸಿ ಏನು ಬಂತು ಭಾಗ್ಯ? ಅದೇ ಸದ್ದು, ಅದೇ ಜಾಗ!" ಎಂದಳು.

ನನ್ನ ಪಿಟೀಲಿನ ಬಗ್ಗೆ ಮದುವೆಯಾದಾಗಿನಿಂದ ಅವಳು ಆಡಿದ ಮೊದಲ ಒಳ್ಳೆಯ ಮಾತು ಅದು.